ಮಾಸಲು ಬಣ್ಣದ ಮೂರು ರೀಮು

ಶಾಲೆಯ ಮೇಷ್ಟ್ರೊಬ್ಬರು ಮಕ್ಕಳ ಪತ್ರಿಕೆ ಅಚ್ಚು ಹಾಕಿಸಲು ಸಾಗರದ ನಮ್ಮ ಪ್ರೆಸ್ಸಿಗೆ ಬಂದಿದ್ದರು. ಎ4 ಹಾಳೆ ಮಡಚಿ 32 ಪುಟ, 120 ಪ್ರತಿ. ಮರುಬಳಕೆ ಕಾಗದದಲ್ಲೇ ಆಗಬೇಕು ಅಂದರು. ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ಮೂರು ರೀಮ್ ತರಿಸಿದೆ, ರೀಮಿಗೆ ಐನೂರು ಹಾಳೆ. ಕಟ್ಟು ಬಿಚ್ಚಿದ ಕೂಡಲೇ ನಮ್ಮ ಹುಡುಗ, "ಅಕ್ಕಾ, ಹಳೇ ಸ್ಟಾಕ್ ಕೊಟ್ಟು ಕಳಿಸಿದಾರೆ" ಅಂದ.

ಬಣ್ಣ ನೋಡಿ ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ. ಪಕ್ಕದ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೀಲಿ ದೀಪ ಇದೆ. ಅದರಡಿ ಮಾಮೂಲಿ ಜೆರಾಕ್ಸ್ ಹಾಳೆಯನ್ನೂ ಇದನ್ನೂ ಜೊತೆಗಿಟ್ಟು ಅವನಿಗೆ ತೋರಿಸಿದೆ. ಜೆರಾಕ್ಸ್ ಹಾಳೆ ನೀಲಿಯಾಗಿ ಫಳಫಳ ಹೊಳೆಯಿತು, ಇದು ಮಂಕಾಗೇ ಇತ್ತು. ಆ ಹೊಳಪು ಬಿಳುಪಿಗಾಗಿ ಬೆರೆಸುವ ರಾಸಾಯನಿಕದ್ದು. ಅದಿಲ್ಲ ಅಂದ ಮಾತ್ರಕ್ಕೆ ಕಾಗದ ಕೀಳಲ್ಲ.

ಕಟ್ಟಿನ ಮೇಲೆ 75 ಜಿಎಸ್‌ಎಂ ಅಂತಿತ್ತು, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 75 ಗ್ರಾಂ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್, ಹಾಗಾಗಿ ಹದಿನಾರು ಹಾಳೆಯ ತೂಕ ಎಷ್ಟು ಗ್ರಾಮೋ ಅದೇ ಜಿಎಸ್‌ಎಂ. ನನಗೆ 73 ಬಂತು. ಇಷ್ಟು ವ್ಯತ್ಯಾಸಕ್ಕೆ ನಾನು ಜಗಳಕ್ಕೆ ಹೋಗುವುದಿಲ್ಲ.

ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಎರಡೂ ಬದಿ ಅಚ್ಚು ಹಾಕಿದಾಗ. ಹಿಂಬದಿಯ ಅಕ್ಷರ ಈಚೆ ಇಣುಕಲೇ ಇಲ್ಲ. ಅದೇ ತೂಕದ ಬಿಳಿ ಹಾಳೆಯಲ್ಲಿ ದಪ್ಪ ಶೀರ್ಷಿಕೆಗಳು ನೆರಳಿನ ಹಾಗೆ ಕಾಣುತ್ತವೆ. ಹಳೆ ಕಾಗದದ ಮಸಿಯನ್ನು ಎಷ್ಟೇ ತೊಳೆದರೂ ಒಂದಿಷ್ಟು ಉಳಿಯುತ್ತದೆ. ಉಳಿದ ಆ ಮಸಿ ಮತ್ತು ತುಂಡಾದ ಸಣ್ಣ ಸಣ್ಣ ನಾರು ಬೆಳಕನ್ನು ಆಚೆ ಬಿಡದೆ ತಡೆಯುತ್ತವೆ. ಜನ ದೂರುವ ಮಾಸಲು ಬಣ್ಣವೇ ಮಕ್ಕಳ ಕಣ್ಣಿಗೆ ಓದು ಸಲೀಸು ಮಾಡುತ್ತದೆ. ಅಲ್ಲಲ್ಲಿ ಕರಿ ಚುಕ್ಕೆ ಇವೆ. ಅಕ್ಷರದ ನಡುವೆ ಅವು ಗೊತ್ತಾಗುವುದಿಲ್ಲ, ಆದರೆ ಮಗುವಿನ ಮುಖದ ಫೋಟೋ ಮೇಲೆ ಒಂದು ಚುಕ್ಕೆ ಕೂತರೂ ಕಾಣುತ್ತದೆ. ಫೋಟೋ ಬೇಡ, ಮಕ್ಕಳೇ ಬರೆದ ರೇಖಾಚಿತ್ರ ಹಾಕೋಣ ಅಂತ ಮೇಷ್ಟ್ರಿಗೆ ಹೇಳಿದೆ, ಒಪ್ಪಿದರು. ಈ ಕಾಗದದ ಮೇಲೆ ಶಾಯಿ ಪೆನ್ನಿನಲ್ಲಿ ಬರೆದರೆ ಗೆರೆ ಸ್ವಲ್ಪ ಹರಡುತ್ತದೆ. ಬಾಲ್‌ಪೆನ್ನಿಗೆ ತೊಂದರೆ ಇಲ್ಲ.

ದೂಳು ಮಾತ್ರ ಜಾಸ್ತಿ. ಪ್ರತಿ ಸಲ ಅರೆದು ಕಾಗದ ಮಾಡುವಾಗಲೂ ನಾರು ಗಿಡ್ಡವಾಗಿ ಬಿರುಸಾಗುತ್ತಾ ಹೋಗುತ್ತದೆ, ಹಿಡಿತ ಕಮ್ಮಿ. ಮುನ್ನೂರು ಹಾಳೆ ಓಡಿಸುವಷ್ಟರಲ್ಲಿ ಮೆಷಿನ್ನಿನ ರೋಲರ್ ಒರೆಸಬೇಕಾಯಿತು. ಮಡಿಕೆಯೂ ಸರಿ ಕೂರಲಿಲ್ಲ. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿ ಹಿಡಿದೆ: ಉದ್ದದ ಪಟ್ಟಿ ನೆಟ್ಟಗೆ ನಿಂತಿತು, ಅಡ್ಡದ್ದು ಜೋತುಬಿತ್ತು. ಅಂದರೆ ನಾರು ಉದ್ದಕ್ಕೆ ಮಲಗಿದೆ, ನಮ್ಮ ಮಡಿಕೆ ಅದಕ್ಕೆ ಅಡ್ಡ. ಪಿನ್ ಹೊಡೆದ ಮೇಲೆ ಪುಸ್ತಕಗಳನ್ನು ರಾತ್ರಿಯಿಡೀ ಭಾರದ ಕೆಳಗೆ ಇಡಬೇಕಾಯಿತು. ಇದು ಕಾಗದದ ತಪ್ಪಲ್ಲ, ಎ4 ಸಾಮಾನ್ಯವಾಗಿ ಬರುವುದೇ ಹಾಗೆ. ಪುಸ್ತಕ ಮಾಡುವವರು ದೊಡ್ಡ ಹಾಳೆ ತರಿಸಿ ನಾರಿನ ದಿಕ್ಕು ನೋಡಿ ಕತ್ತರಿಸಿಕೊಳ್ಳುವುದು ಮೇಲು.

ನನ್ನ ತಕರಾರು ಬೇರೆ. ಮೂರರಲ್ಲಿ ಒಂದು ರೀಮಿಗೆ ಬೂದು-ನೀಲಿ ಛಾಯೆ, ಉಳಿದೆರಡು ತಿಳಿ ಮಣ್ಣಿನ ಬಣ್ಣ. ಬಿಡಿ ಹಾಳೆಯಲ್ಲಿ ಗೊತ್ತಾಗಲಿಲ್ಲ. ಕಿಟಕಿ ಹತ್ತಿರ ಕಟ್ಟುಗಳ ಅಂಚು ಜೋಡಿಸಿಟ್ಟಾಗ ಎದ್ದು ಕಂಡಿತು. ಒಂದೇ ಪುಸ್ತಕದೊಳಗೆ ಇವು ಬೆರೆತಿದ್ದರೆ ಪಟ್ಟೆ ಪಟ್ಟೆ ಕಾಣುತ್ತಿತ್ತು. ಮಾಸಲು ಬಣ್ಣ ನನಗೆ ಒಪ್ಪಿಗೆ, ಎರಡು ಥರದ ಮಾಸಲು ಒಪ್ಪಿಗೆಯಿಲ್ಲ. ಕೊಳ್ಳುವವರು ಒಂದೇ ಲಾಟಿನ ಮಾಲು ಕೇಳಿ ಪಡೆಯಿರಿ, ಅಂಚು ಜೋಡಿಸಿ ನೋಡದೆ ಅಚ್ಚಿಗೆ ಹಾಕಬೇಡಿ.

ಪತ್ರಿಕೆಗೆ ಎರಡು ರೀಮ್ ಸಾಕಾಯಿತು, ನಲವತ್ತು ಹಾಳೆ ಉಳಿದವು. ನೀಲಿ ಛಾಯೆಯ ರೀಮನ್ನು ಬಿಲ್ ಪುಸ್ತಕಕ್ಕೆ ಕತ್ತರಿಸಲು ಕೊಟ್ಟಿದ್ದೇನೆ.