ಡೀಸೆಲ್ ಕಾರಿನಲ್ಲಿ ಮ್ಯಾನ್ಯುಯಲ್ಲಾ, ಆಟೋಮ್ಯಾಟಿಕ್ಕಾ: ಎರಡನ್ನೂ ಓಡಿಸಿ ಮೈಲೇಜ್ ನೋಡಿದೆವು

ಮ್ಯಾನ್ಯುಯಲ್ ಒಳ್ಳೇ ಮೈಲೇಜ್ ಕೊಡುತ್ತದೆ, ಆಟೋಮ್ಯಾಟಿಕ್ ಡೀಸೆಲ್ ಕುಡಿಯುತ್ತದೆ. ಈ ಮಾತು ಎಲ್ಲರ ಬಾಯಲ್ಲೂ ಇದೆ. ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ, ಯಾರು ಓಡಿಸಿದಾಗ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನದು 2 ಲೀಟರ್ ಡೀಸೆಲ್ ಎಂಜಿನ್, 6 ಗೇರಿನ ಮ್ಯಾನ್ಯುಯಲ್. ಭಾವನ ಹತ್ತಿರ ಅದೇ ಕಾರು, ಅದೇ ಎಂಜಿನ್, ಅದೇ ಅಳತೆಯ ಟೈರು ಇದೆ, ಗೇರ್‌ಬಾಕ್ಸ್ ಮಾತ್ರ 6 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಇಂಥ ಜೋಡಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಇಬ್ಬರೂ ಕಾರು ಅದಲು ಬದಲು ಮಾಡಿಕೊಂಡು, ಒಂದೇ ದಾರಿಯಲ್ಲಿ, ಸಾಧ್ಯವಾದಷ್ಟು ಒಂದೇ ಹೊತ್ತಿನಲ್ಲಿ ಓಡಿಸಿದೆವು.

ಮೊದಲು ಅಳತೆಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಮೈಲೇಜ್ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತವೆ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡೂ ಕಾರಿನಲ್ಲಿ ಅದು ನಿಜಕ್ಕಿಂತ ಜಾಸ್ತಿಯೇ ತೋರಿಸುತ್ತಿತ್ತು, ಅದೂ ಎರಡರಲ್ಲಿ ಒಂದೇ ಪ್ರಮಾಣದಲ್ಲಿ ಅಲ್ಲ. ಅದೇ ಪಂಪ್‌ನಲ್ಲಿ, ಅದೇ ನಳಿಕೆಯಲ್ಲಿ, ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸಿ ಟ್ಯಾಂಕ್ ತುಂಬಿಸುವುದು, ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಓಡಿಸುವುದು, ಮತ್ತೆ ಹಾಗೇ ತುಂಬಿಸಿ ಭಾಗಿಸುವುದು. ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿದ್ದು. ಇನ್ನೊಂದು ಮುಖ್ಯ ಸಂಗತಿ ಡಿಪಿಎಫ್, ಅಂದರೆ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್. ಈಗಿನ ಡೀಸೆಲ್ ಕಾರುಗಳ ಫಿಲ್ಟರ್‌ನಲ್ಲಿ ಮಸಿ ತುಂಬಿದಾಗ ಅದನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಸುರಿದು, ಹೊಗೆಯ ಬಿಸಿಯನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸುತ್ತದೆ. ಅಷ್ಟು ಹೊತ್ತು ಮೈಲೇಜ್ ಪಾತಾಳಕ್ಕೆ ಇಳಿಯುತ್ತದೆ. ಸಣ್ಣ ಓಟದ ಮಧ್ಯೆ ಇದು ನಡೆದರೆ ಆ ಲೆಕ್ಕ ಯಾವ ಗೇರ್‌ಬಾಕ್ಸ್ ಬಗ್ಗೆಯೂ ಏನೂ ಹೇಳುವುದಿಲ್ಲ. ಅಂಥ ಓಟಗಳನ್ನು ನಾವು ಬಿಟ್ಟುಬಿಟ್ಟೆವು.

ಹೈವೇ. ಗಂಟೆಗೆ 90 ಕಿ.ಮೀ., ಕ್ರೂಸ್ ಕಂಟ್ರೋಲ್ ಹಾಕಿ ಸುಮ್ನೆ ಕೂತರೆ ಮ್ಯಾನ್ಯುಯಲ್ ಲೀಟರ್‌ಗೆ 21ರ ಹತ್ತಿರ, ಆಟೋಮ್ಯಾಟಿಕ್ 20ರ ಹತ್ತಿರ. ಅಷ್ಟೇ ವ್ಯತ್ಯಾಸ. ಕಾರಣ ಸರಳ. ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್ ಕಡೆಯ ಚಕ್ರ ಎಣ್ಣೆಯನ್ನು ಎಸೆಯುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಗೇರ್ ಕಡೆಯ ಚಕ್ರ ತಿರುಗುತ್ತದೆ. ಎರಡೂ ಯಾವಾಗಲೂ ಸ್ವಲ್ಪ ಜಾರುತ್ತಾ ಇರುತ್ತವೆ, ಆ ಜಾರಿಕೆಯೆಲ್ಲ ಬಿಸಿಯಾಗಿ ಹೋಗುತ್ತದೆ. ಆದರೆ ಒಂದೇ ವೇಗದಲ್ಲಿ ಹೋಗುವಾಗ ಲಾಕ್‌ಅಪ್ ಕ್ಲಚ್ ಎರಡನ್ನೂ ಗಟ್ಟಿಯಾಗಿ ಕಚ್ಚಿಸಿಬಿಡುತ್ತದೆ. ಆಮೇಲೆ ಅದಕ್ಕೂ ಮ್ಯಾನ್ಯುಯಲ್‌ಗೂ ಉಳಿಯುವ ಅಂತರ ಗೇರ್‌ಬಾಕ್ಸಿನ ಎಣ್ಣೆ ಪಂಪು ತಿನ್ನುವ ಶಕ್ತಿ, ಒಂದಿಷ್ಟು ಹೆಚ್ಚು ತೂಕ, ಅಷ್ಟೇ. ಭಾವನ ಕಾರಿನ ಆರನೇ ಗೇರ್ ನನ್ನದಕ್ಕಿಂತ ಉದ್ದ, ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ, ಅದರಿಂದ ಒಂದಷ್ಟು ನಷ್ಟ ಅಲ್ಲೇ ತುಂಬಿಬರುತ್ತದೆ. ವೇಗವನ್ನು 110ಕ್ಕೆ ಏರಿಸಿದಾಗ ಎರಡೂ ಕಾರು 17ರ ಸುತ್ತಮುತ್ತ ಇಳಿದವು. 90ರಿಂದ 110ಕ್ಕೆ ಹೋದರೆ ಗಾಳಿಯ ತಡೆ ಸುಮಾರು ಒಂದೂವರೆ ಪಟ್ಟು ಆಗುತ್ತದೆ ನೋಡಿ. ಹೈವೇಯಲ್ಲೇ ಜಾಸ್ತಿ ಓಡಾಡುವವರು ಗೇರ್‌ಬಾಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಸ್ಪೀಡೋಮೀಟರ್ ನೋಡಿಕೊಂಡರೆ ಹೆಚ್ಚು ಉಳಿಯುತ್ತದೆ.

ಈಗ ಊರೊಳಗಿನ ಟ್ರಾಫಿಕ್. ನಿಜವಾದ ಹೋಲಿಕೆ ಇರುವುದು ಇಲ್ಲೇ. ನಾನು ಮ್ಯಾನ್ಯುಯಲ್ ಓಡಿಸಿದಾಗ 13 ಬಂತು, ಭಾವ ಆಟೋಮ್ಯಾಟಿಕ್ ಓಡಿಸಿದಾಗ 11. ನೋಡಲು ಬರೀ 2 ಕಿ.ಮೀ. ಆದರೆ ಲೀಟರ್‌ಗೆ ಎಷ್ಟು ಕಿ.ಮೀ. ಅನ್ನೋ ಲೆಕ್ಕ ಇಲ್ಲಿ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ತಿರುಗಿಸಿ ನೋಡಿ. ಹೈವೇಯಲ್ಲಿ 21 ಮತ್ತು 20ರ ನಡುವೆ ಇರುವುದು 100 ಕಿ.ಮೀ.ಗೆ ಕಾಲು ಲೀಟರ್‌ಗಿಂತ ಕಡಿಮೆ. ಟ್ರಾಫಿಕ್‌ನಲ್ಲಿ 13 ಮತ್ತು 11ರ ನಡುವೆ ಇರುವುದು ಹೆಚ್ಚುಕಮ್ಮಿ 1.4 ಲೀಟರ್. ಅಂದರೆ ಸುಮಾರು ಆರು ಪಟ್ಟು! ಹೈವೇ, ಊರು ಎರಡನ್ನೂ ಕೂಡಿಸಿ ಒಂದೇ ಸರಾಸರಿ ಹೇಳಿಬಿಟ್ಟರೆ ಇದು ಕಾಣುವುದೇ ಇಲ್ಲ.

ಯಾಕೆ ಇಷ್ಟು? ನಿಧಾನ ವೇಗದಲ್ಲಿ ಲಾಕ್‌ಅಪ್ ಕಚ್ಚುವುದಿಲ್ಲ, ಕನ್ವರ್ಟರ್ ಜಾರುತ್ತಲೇ ಇರುತ್ತದೆ. ಸಿಗ್ನಲ್‌ನಲ್ಲಿ ಡಿ (ಡ್ರೈವ್) ಯಲ್ಲಿಟ್ಟು ಬ್ರೇಕ್ ತುಳಿದು ನಿಂತರೆ ಎಂಜಿನ್ ಆ ಎಣ್ಣೆಯನ್ನು ತಳ್ಳುತ್ತಲೇ ಇರಬೇಕು. ಬಿಸಿಯಾದ 2 ಲೀಟರ್ ಡೀಸೆಲ್ ಎಂಜಿನ್ ಸುಮ್ಮನೆ ನಿಂತರೂ ಗಂಟೆಗೆ ಅರ್ಧ ಲೀಟರ್‌ನಿಂದ ಮುಕ್ಕಾಲು ಲೀಟರ್‌ವರೆಗೆ ಸುಡುತ್ತದೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. ಡಿ ಯಲ್ಲಿ ನಿಂತಾಗ ಇದರ ಮೇಲೆ ಇನ್ನೊಂದಿಷ್ಟು. ಭಾವನ ಕಾರಿನಲ್ಲಿ ಉದ್ದದ ಸಿಗ್ನಲ್‌ಗಳಲ್ಲಿ ಎನ್ (ನ್ಯೂಟ್ರಲ್) ಗೆ ಹಾಕಿದರೆ ಸ್ಕ್ರೀನ್ ಮೇಲೆ ಗಂಟೆಯ ಲೆಕ್ಕ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಹೊಸ ಗೇರ್‌ಬಾಕ್ಸ್‌ಗಳು ಹಲವು ಈ ಕೆಲಸವನ್ನು ನಿಂತ ಕೂಡಲೇ ತಾವೇ ಮಾಡಿಕೊಳ್ಳುತ್ತವೆ, ಸ್ಟಾರ್ಟ್-ಸ್ಟಾಪ್ ಇದ್ದರಂತೂ ಎಂಜಿನ್ನೇ ಆರುತ್ತದೆ.

ಇಬ್ಬರೂ ಕಾರು ಬದಲಾಯಿಸಿದಾಗ ಬಂದ ಲೆಕ್ಕ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಆಟೋಮ್ಯಾಟಿಕ್ ನನ್ನ ಕೈಯಲ್ಲೂ ಅದೇ 11ರ ಹತ್ತಿರ. ಮ್ಯಾನ್ಯುಯಲ್ ಮಾತ್ರ ಭಾವನ ಕೈಯಲ್ಲಿ 12ಕ್ಕೆ ಇಳಿಯಿತು. ಅವರು ಎರಡನೇ ಗೇರಿನಲ್ಲೇ 2,500 ಆರ್‌ಪಿಎಂವರೆಗೆ ಎಳೆಯುತ್ತಾರೆ, ಮುಂದಿನ ಕಾರು ಒಂದಡಿ ಸರಿದರೂ ಅರ್ಧ ಕ್ಲಚ್ ಬಿಟ್ಟು ಹಿಂದೆಯೇ ಹೋಗುತ್ತಾರೆ. ನಾನು ಮುಂದೆ ಸ್ವಲ್ಪ ಜಾಗ ಆಗುವವರೆಗೆ ಕಾಯುತ್ತೇನೆ, 1,800ರ ಹೊತ್ತಿಗೆ ಗೇರ್ ಬದಲಿಸುತ್ತೇನೆ. ಅಂದರೆ ಮ್ಯಾನ್ಯುಯಲ್‌ನ ಆ 2 ಕಿ.ಮೀ. ಲಾಭದಲ್ಲಿ ಅರ್ಧ ಓಡಿಸುವವರ ಎಡಗಾಲಿನದು. ಕಾರಿನ ಜತೆ ಅದು ತಾನಾಗಿ ಬರುವುದಿಲ್ಲ. ಹಾಗಂತ ಬೇಗ ಬೇಗ ಮೇಲಿನ ಗೇರಿಗೆ ಹಾಕಿ 1,100 ಆರ್‌ಪಿಎಂನಲ್ಲಿ ಗಡಗಡ ನಡುಗಿಸುತ್ತಾ ಹೋಗುವುದೂ ಬೇಡ. ಹೆಚ್ಚಿನ ಡೀಸೆಲ್ ಎಂಜಿನ್‌ಗಳು ಕೊಟ್ಟ ಇಂಧನಕ್ಕೆ ಒಳ್ಳೇ ಕೆಲಸ ಮಾಡುವುದು 1,500ರಿಂದ 2,000ದ ಆಸುಪಾಸಿನಲ್ಲಿ. ಅದಕ್ಕಿಂತ ತುಂಬಾ ಕೆಳಗೆ ಎಳೆಸಿದರೆ ಹೊಡೆತ ಬೀಳುವುದು ಎಂಜಿನ್ನಿನ ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್‌ಗೆ.

ಬೆಟ್ಟದ ರಸ್ತೆಯಲ್ಲಿ ಹತ್ತುವಾಗ ಆಟೋಮ್ಯಾಟಿಕ್ ಸ್ವಲ್ಪ ಹಿಂದೆ, ಪ್ರತಿ ತಿರುವಿನಲ್ಲೂ ಗೇರ್ ಇಳಿಸಿ ಲಾಕ್‌ಅಪ್ ಬಿಡುತ್ತದೆ. ಇಳಿಯುವಾಗ ಎರಡೂ ಒಂದೇ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್‌ಗಳು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿ ಇಳಿದರೆ ಉಳಿತಾಯ ಅಂತ ಇನ್ನೂ ನಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಬೇಕೇ ಬೇಕು, ಜತೆಗೆ ಎಂಜಿನ್ ಬ್ರೇಕಿಂಗ್ ಇಲ್ಲದೆ ಬ್ರೇಕ್ ಕಾದುಹೋಗುತ್ತದೆ.

ಉಳಿದ ಆಟೋಮ್ಯಾಟಿಕ್‌ಗಳ ಬಗ್ಗೆ ಎರಡು ಮಾತು. ಎಎಂಟಿ ಒಳಗೆ ಇರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಮೈಲೇಜ್ ವಿಷಯದಲ್ಲಿ ಅದು ಮ್ಯಾನ್ಯುಯಲ್ ಪಕ್ಕದಲ್ಲೇ ನಿಲ್ಲುತ್ತದೆ, ಗೇರ್ ಬದಲಾಗುವಾಗಿನ ತೂಗಾಟ ಸಹಿಸಿಕೊಳ್ಳಬೇಕು. ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನಲ್ಲೂ ಕನ್ವರ್ಟರ್ ಇಲ್ಲ, ಓಡುವಾಗ ಜಾರಿಕೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ತೆವಳುವ ಟ್ರಾಫಿಕ್‌ನಲ್ಲಿ ಕ್ಲಚ್ ಜಾರಿಸಿಯೇ ಸಾಗಬೇಕು, ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್ ಆದರೆ ಬೇಗ ಬಿಸಿಯಾಗುತ್ತದೆ. ಕನ್ವರ್ಟರ್ ಜಾತಿಯಲ್ಲಿ ದೊಡ್ಡ ಬದಲಾವಣೆ ಬಂದಿದ್ದು 2009ರಲ್ಲಿ, ಝಡ್‌ಎಫ್ ಕಂಪನಿಯ 8 ಗೇರಿನ 8ಎಚ್‌ಪಿ ಬಂದ ಮೇಲೆ. ಕಾರು ಹೊರಟ ಸ್ವಲ್ಪ ಹೊತ್ತಿಗೇ ಲಾಕ್‌ಅಪ್ ಕಚ್ಚುವ ಇಂಥ ಗೇರ್‌ಬಾಕ್ಸ್‌ಗಳ ಮುಂದೆ ನನ್ನ 13, 11ರ ಲೆಕ್ಕ ಹಾಗೇ ನಿಲ್ಲುವುದಿಲ್ಲ, ಅಂತರ ಇನ್ನೂ ಚಿಕ್ಕದಾಗುತ್ತದೆ.

ಕಂಪನಿ ಕಾಗದದ ಮೇಲೆ ಬರೆದ ಮೈಲೇಜ್ ನಂಬಿ ಹೋಲಿಸುವವರು ಒಂದು ವಿಷಯ ತಿಳಿದಿರಬೇಕು. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯಲ್ಲಿ ಮ್ಯಾನ್ಯುಯಲ್ ಕಾರು ಯಾವ ಹಂತದಲ್ಲಿ ಗೇರ್ ಬದಲಿಸಬೇಕು ಅಂತ ಮೊದಲೇ ಗೊತ್ತುಮಾಡಿತ್ತು. ಆಟೋಮ್ಯಾಟಿಕ್‌ಗೆ ಆ ಕಟ್ಟುಪಾಡು ಇರಲಿಲ್ಲ, ಬೇಕಾದಷ್ಟು ಬೇಗ ಮೇಲಿನ ಗೇರಿಗೆ ಹೋಗಬಹುದಿತ್ತು. ಹಾಗಾಗಿ ಕಾಗದದ ಮೇಲೆ ಕೆಲವು ಆಟೋಮ್ಯಾಟಿಕ್‌ಗಳು ಮ್ಯಾನ್ಯುಯಲ್‌ಗಿಂತ ಚೆನ್ನಾಗಿ ಕಂಡವು. 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆಯಲ್ಲಿ ಗೇರ್ ಬದಲಿಸುವ ಹಂತವನ್ನು ಆಯಾ ಕಾರಿಗೆ ತಕ್ಕಂತೆ ಲೆಕ್ಕ ಹಾಕುತ್ತಾರೆ. ಹಳೇ ಕಾರು ಕೊಳ್ಳುವಾಗ ಯಾವ ಪರೀಕ್ಷೆಯ ಅಂಕಿ ಅಂತ ಕೇಳಿಯೇ ನೋಡಿ.

ನನ್ನನ್ನು ಕೇಳಿದರೆ, ದಿನವೂ ತೆವಳುವ ಟ್ರಾಫಿಕ್‌ನಲ್ಲೇ ಇರುವವರು ಲೀಟರ್ ಲೆಕ್ಕದ ಜತೆ ಮಂಡಿಯ ಲೆಕ್ಕವನ್ನೂ ಹಾಕಿ ಆಟೋಮ್ಯಾಟಿಕ್ ತಗೊಳ್ಳಲಿ, ಆದರೆ ಲಾಕ್‌ಅಪ್ ಬೇಗ ಕಚ್ಚುವಂಥದ್ದನ್ನೇ ಹುಡುಕಲಿ. ಅದನ್ನು ಟೆಸ್ಟ್ ಡ್ರೈವ್‌ನಲ್ಲೇ ಪತ್ತೆ ಮಾಡಬಹುದು. ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 50ರಲ್ಲಿ ಒಂದೇ ಸಮ ಹೋಗಿ, ಆಕ್ಸಿಲರೇಟರ್ ಮೆಲ್ಲಗೆ ಇಷ್ಟೇ ಇಷ್ಟು ಒತ್ತಿ. ಗೇರ್ ಬದಲಾಗದೆ, ಕಾರಿನ ವೇಗ ಏರುವ ಮೊದಲೇ ಆರ್‌ಪಿಎಂ ಮುಳ್ಳು ಚಂಗನೆ ಮೇಲೆ ಹೋದರೆ ಕನ್ವರ್ಟರ್ ಇನ್ನೂ ಜಾರುತ್ತಿದೆ. ಮುಳ್ಳು ವೇಗದ ಜತೆಜತೆಗೇ ನಿಧಾನ ಏರಿದರೆ ಲಾಕ್ ಆಗಿದೆ. ಆಮೇಲೆ 40ರಲ್ಲೂ ಹೀಗೇ ನೋಡಿ, 30ರಲ್ಲೂ ನೋಡಿ.