ವ್ಲ್ಕೊಲೀನೆತ್ಸ್ ನೋಡಿದೆವು, ಮನಸ್ಸು ನಿಂತಿದ್ದು ಚಿಚ್ಮನಿಯಲ್ಲಿ

ಸ್ಲೊವಾಕಿಯಾದಲ್ಲಿ ಮರದ ಮನೆಗಳ ಹಳ್ಳಿ ನೋಡಬೇಕು, ಇರುವುದು ಒಂದೇ ದಿನ ಅಂತ ಯಾರಾದರೂ ಕೇಳಿದರೆ ಚಿಚ್ಮನಿಗೆ ಹೋಗಿ ಅನ್ನುತ್ತೇನೆ. 1993ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ್ದು ಅಂಥದೇ ಇನ್ನೊಂದು ಹಳ್ಳಿ, ವ್ಲ್ಕೊಲೀನೆತ್ಸ್. ಯುನೆಸ್ಕೊ ಹೆಸರು ನೋಡಿಯೇ, ಊರಿಂದ ಬ್ರಾಟಿಸ್ಲಾವಾಕ್ಕೆ ಬಂದಿದ್ದ ಅಮ್ಮನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ನಮ್ಮ ಹತ್ತಿರ ಕಾರಿಲ್ಲ. ರುಜೊಂಬೆರೊಕ್‌ವರೆಗೆ ರೈಲು, ತೊಂದರೆಯಿಲ್ಲ. ಆಮೇಲಿನ ಬಸ್ಸು ನಮ್ಮನ್ನು ಬೆಟ್ಟದ ಬುಡದ ಬ್ಯೆಲಿ ಪೊಟೊಕ್‌ನಲ್ಲಿ ಇಳಿಸಿ ಹೋಯಿತು. ಹಳ್ಳಿ ಇರುವುದು 718 ಮೀಟರ್ ಎತ್ತರದಲ್ಲಿ, ದಾರಿಯೆಲ್ಲ ಏರು. ಅಮ್ಮನಿಗೆ ಮಂಡಿನೋವು. ತಿರುವು ಬಂದಲ್ಲೆಲ್ಲ ನನ್ನ ತೋಳು ಹಿಡಿದು ನಿಂತು, "ಇನ್ನೆಷ್ಟು ದೂರನೇ?" ಅನ್ನುತ್ತಿದ್ದರು. ಇಷ್ಟೇ ಅಮ್ಮ ಅಂತ ನಾಲ್ಕು ಸಲ ಸುಳ್ಳು ಹೇಳಿದೆ.

ಮೇಲೆ ಮುಟ್ಟಿ ಟಿಕೆಟ್ ತೆಗೆದುಕೊಂಡರೆ, ಊರಿನ ಬೀದಿಯೂ ಇಳಿಜಾರೇ. ಅಮ್ಮ ಕೂತಲ್ಲಿಂದ ಏಳಲಿಲ್ಲ. ರೈತನ ಮನೆಯ ಮ್ಯೂಸಿಯಂ, 1770ರ ಮರದ ಗಂಟೆಗೋಪುರ ಎರಡನ್ನೂ ನಾನೊಬ್ಬಳೇ ನೋಡಿ ಬಂದೆ. ಇಳಿಯುವಾಗ ಮಂಡಿ ಇನ್ನೂ ಹೆಚ್ಚು ನೋಯಿತು. ಆ ರಾತ್ರಿ ಬಿಸಿನೀರಿನ ಶಾಖ ಕೊಡುತ್ತ ನನಗೆ ಅಳುವೇ ಬಂತು.

ಹಳ್ಳಿ ಚಂದವಿಲ್ಲ ಅಂತಲ್ಲ. ಸುಮಾರು 45 ದಿಮ್ಮಿ ಮನೆಗಳು, ಮಣ್ಣು ಮೆತ್ತಿ ಬಿಳಿ, ನೀಲಿ ಸುಣ್ಣ ಬಳಿದವು. ಬೀದಿ ನಡುವೆ ನೀರು ಹರಿಯುತ್ತದೆ. ಈಗಲೂ ಬೆರಳೆಣಿಕೆಯ ಜನ ವಾಸವಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ.

ಮುಂದಿನ ವಾರ ಚಿಚ್ಮನಿ. ಜಿಲಿನಾದಿಂದ ಹೊರಟ ಬಸ್ಸು ಊರೊಳಗೇ ನಿಲ್ಲುತ್ತದೆ. ಇಳಿದು ಹತ್ತು ಹೆಜ್ಜೆ ಹಾಕಿದರೆ ಕಪ್ಪಗಿನ ಮರದ ಗೋಡೆಯ ಮೇಲೆ ಬಿಳಿ ಚಿತ್ತಾರ: ಅಡ್ಡಗೆರೆ, ಹೃದಯ, ಹಕ್ಕಿ. ಮರ ಹಾಳಾಗದಿರಲೆಂದು ಮೂಲೆಗಳಿಗೆ ಬಳಿಯುತ್ತಿದ್ದ ಸುಣ್ಣವೇ ಹೀಗೆ ಅಲಂಕಾರವಾಗಿ ಬೆಳೆಯಿತಂತೆ. ದಿನಾ ಬೆಳಿಗ್ಗೆ ರಂಗೋಲಿ ಹಾಕುವ ಅಮ್ಮ ಒಂದು ಮನೆಯ ಮುಂದೆ ನಿಂತು, ಗಾಳಿಯಲ್ಲೇ ಬೆರಳಾಡಿಸಿ ಎಳೆ ಎಲ್ಲಿ ತಿರುಗುತ್ತದೆ ಅಂತ ಲೆಕ್ಕ ಹಾಕಿದರು. ಮ್ಯೂಸಿಯಮ್ಮಾಗಿರುವ ರಾಡೆನೊವ್ ಡೊಮ್‌ನಲ್ಲಿ ಹಳೆಯ ಉಡುಪುಗಳಿವೆ. ಗೋಡೆಯ ಮೇಲಿನ ಅದೇ ವಿನ್ಯಾಸ ಕಸೂತಿಯಲ್ಲೂ ಇದೆ ಅಂತ ಮೊದಲು ಗುರುತಿಸಿದ್ದು ಅಮ್ಮನೇ.

1921ರ ಬೆಂಕಿಯಲ್ಲಿ ಊರಿನ ಬಹುಪಾಲು ಸುಟ್ಟು, ಎಷ್ಟೋ ಮನೆಗಳನ್ನು ಮತ್ತೆ ಕಟ್ಟಿದ್ದಾರೆ. ಹಳೆಯದೇ ಬೇಕೆನ್ನುವವರಿಗೆ ಇದೊಂದು ಕೊರತೆ. ನನಗಲ್ಲ.

ದಾರಿಯಲ್ಲಿ ರಾಯೆಟ್ಸ್ಕಾ ಲೆಸ್ನಾದಲ್ಲಿ ಇಳಿದರೆ ಯೋಜೆಫ್ ಪೆಕಾರಾ ಕೆತ್ತಿದ ಮರದ ಬೆತ್ಲೆಹೇಮ್, ಅಂದರೆ ಯೇಸು ಹುಟ್ಟಿದ ದೃಶ್ಯದ ಗೊಂಬೆ ಜೋಡಣೆ ಇದೆ, ಗೊಂಬೆಗಳು ಚಲಿಸುತ್ತವೆ. ಬಿಡಬೇಡಿ.

ಕಾರಿದ್ದು, ಬೆಟ್ಟ ಹತ್ತುವ ಕಾಲಿದ್ದರೆ ವ್ಲ್ಕೊಲೀನೆತ್ಸ್‌ಗೂ ಹೋಗಿ. ಬಸ್ಸನ್ನೇ ನಂಬಿರುವ, ಟ್ಯಾಕ್ಸಿಗೆ ದುಡ್ಡು ಸುರಿಯಲಾಗದ ನನ್ನಂಥವಳಿಗೆ ಚಿಚ್ಮನಿಯೇ ಸರಿ. ಬಸ್ಸುಗಳು ಕಡಿಮೆ, ಇಳಿದ ಕೂಡಲೇ ನಿಲ್ದಾಣದ ಹಲಗೆಯಲ್ಲಿ ವಾಪಸ್ ಬಸ್ಸಿನ ಸಮಯ ನೋಡಿಟ್ಟುಕೊಳ್ಳಿ.