ಜೀನ್ಸೋ, ಕೌದಿಯೋ? ಮರೆವಿರುವ ಹಿರಿಯರ ಮಡಿಲಿಗೆ ಎರಡು ಬಗೆಯ ಹೊದಿಕೆ

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಎಷ್ಟೋ ಹಿರಿಯರ ಕೈ ಸುಮ್ನೆ ಇರುವುದಿಲ್ಲ. ಸೆರಗು ಹಿಂಡುತ್ತಾರೆ, ಚಾದರದ ದಾರ ಎಳೆಯುತ್ತಾರೆ, ಕೆಲವರು ಚರ್ಮವನ್ನೇ ಕೆರೆದುಕೊಳ್ಳುತ್ತಾರೆ. ಆ ಕೈಗಳಿಗೆ ಕೆಲಸ ಕೊಡಲೆಂದೇ ಫಿಜೆಟ್ ಕ್ವಿಲ್ಟ್ ಇರುವುದು. ತೊಡೆ ಮುಚ್ಚುವಷ್ಟು ಹೊದಿಕೆ, ಅದರ ಮೇಲೆ ಜೇಬು, ಝಿಪ್, ಗುಂಡಿ, ಲಾಡಿ. ಬಳ್ಳಾರಿಯವಳಾದ ನನಗೆ ಎರಡು ದಾರಿ ಕಂಡವು: ನಮ್ಮೂರ ಜೀನ್ಸ್, ಇಲ್ಲವೇ ಕೌದಿ. ಎರಡನ್ನೂ ಹೊಲಿದು, ದೊಡ್ಡಮ್ಮ ಇರುವ ಆರೈಕೆ ಮನೆಯಲ್ಲಿ ಕೊಟ್ಟು ನೋಡಿದೆ.

ಜೀನ್ಸ್‌ನ ಅನುಕೂಲ ದೊಡ್ಡದು. ಇಲ್ಲಿ ಹೊಲಿಗೆ ಘಟಕಗಳು ಬೇಕಾದಷ್ಟಿವೆ, ಕಟ್‌ಪೀಸ್‌ಗೆ ಬರವಿಲ್ಲ. ಹಳೆ ಪ್ಯಾಂಟ್ ಬಿಚ್ಚಿದರೆ ಜೇಬು, ಝಿಪ್, ಬೆಲ್ಟ್ ಪಟ್ಟಿ ಎಲ್ಲ ಸಿದ್ಧ. ಎಷ್ಟು ಎಳೆದರೂ ಹರಿಯುವುದಿಲ್ಲ. ಆದರೆ ಭಾರ ಜಾಸ್ತಿ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್-ಮೇನಲ್ಲಿ ಅದನ್ನು ಯಾರೂ ತೊಡೆ ಮೇಲೆ ಇಟ್ಟುಕೊಳ್ಳಲಿಲ್ಲ, ಪಕ್ಕಕ್ಕೆ ತಳ್ಳಿದರು. ಇನ್ನೊಂದು ತೊಂದರೆ ಬಣ್ಣದ್ದು. ನೀಲಿ ಮೇಲೆ ನೀಲಿ ಜೇಬು ಇದ್ದರೆ ಮಂಜಾದ ಕಣ್ಣಿಗೆ ಅಲ್ಲಿ ಜೇಬಿದೆ ಅಂತಲೇ ಗೊತ್ತಾಗುವುದಿಲ್ಲ. ಜೇಬಿನ ಬಾಯಿಗೆ ಹಳದಿ ಪಟ್ಟಿ ಕೊಟ್ಟ ಮೇಲೆ ಕೈ ಒಳಗೆ ಹೋಯಿತು.

ಕೌದಿ ಹಗುರ. ಹಳೆ ಸೀರೆ, ಪಂಚೆ ಪದರಪದರವಾಗಿ ಇಟ್ಟು ಒತ್ತೊತ್ತಾಗಿ ಕೈಹೊಲಿಗೆ ಹಾಕಿದರೆ, ಆ ಹೊಲಿಗೆಯ ಸಾಲೇ ಬೆರಳಿಗೆ ಸಿಗುತ್ತದೆ. ಏನೂ ಅಂಟಿಸದಿದ್ದರೂ ಸವರಬಹುದು. ಕೊರತೆ ಅಂದರೆ ಹಳೆ ಬಟ್ಟೆ ಗುಂಡಿ ತಡೆಯುವುದಿಲ್ಲ, ಎಳೆದರೆ ಬಟ್ಟೆ ಸಮೇತ ಕಿತ್ತು ಬರುತ್ತದೆ. ಗುಂಡಿ ಬಾಯಿಗೆ ಹೋದರೆ ಅಪಾಯ ಅಲ್ವಾ? ಹಾಗಾಗಿ ಗುಂಡಿಯ ಹಿಂದೆ ಜೀನ್ಸ್ ತುಂಡು ಇಟ್ಟೇ ಹೊಲಿಯಬೇಕು.

ದೊಡ್ಡಮ್ಮನ ಕೌದಿಗೆ ಇಳಕಲ್ ಸೆರಗಿನ ತುಂಡು, ಗುಳೇದಗುಡ್ಡ ಖಣ, ಜೊತೆಗೆ ಎಲೆಅಡಿಕೆ ಸಂಚಿ ಸೇರಿಸಿದ್ದೆ. ಝಿಪ್ ಅವರು ಮುಟ್ಟಲೇ ಇಲ್ಲ. ಸಂಚಿಯ ಲಾಡಿ ಹಿಡಿದರು. ಎಳೆದು ಬಾಯಿ ಬಿಗಿದರು, ಎರಡು ಬೆರಳು ತೂರಿಸಿ ಸಡಿಲಿಸಿದರು, ಒಳಗೆ ತಡಕಿದರು, ಮತ್ತೆ ಬಿಗಿದರು. ನನ್ನ ಹೆಸರು ನೆನಪಿಲ್ಲದ ಕೈ ಅಡಿಕೆಗಾಗಿ ಹುಡುಕುತ್ತಿತ್ತು. ಪಕ್ಕದ ಅಜ್ಜನಿಗೆ ಇದೇ ಸಂಚಿ ಬೇಡವಾಯಿತು. ಅವರಿಗೆ ಹಿಡಿಸಿದ್ದು ಅಂಗಿಯ ಎದೆ ಜೇಬು, ಅದರ ಗುಂಡಿ. ಸಿದ್ಧ ಫಿಜೆಟ್ ಕ್ವಿಲ್ಟ್ ತರಿಸುವ ಮೊದಲು ಆ ಕೈ ಜೀವನವಿಡೀ ಏನು ಮಾಡಿತ್ತು ಎಂದು ಮನೆಯವರನ್ನು ಕೇಳಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ಸಂಡೂರಿನ ಲಂಬಾಣಿ ಕಸೂತಿಯ ತುಂಡನ್ನೂ ಹಾಕಿದೆ. ಗಂಟುಗಂಟಾದ ಆ ಹೊಲಿಗೆ ಸವರಲು ತುಂಬಾ ಚೆಂದ. ಆದರೆ ಕನ್ನಡಿ, ಕವಡೆ, ಮಣಿ ಇಲ್ಲದ ತುಂಡನ್ನೇ ಆರಿಸಿ. ಗಾಜು ಒಡೆದರೆ ಬೆರಳು ಕೊಯ್ಯುತ್ತದೆ, ಬಿಡಿ ಮಣಿ ಸೀದಾ ಬಾಯಿಗೆ.

ಝಿಪ್ ಹಾಕುವುದಾದರೆ ದಪ್ಪ ಹಲ್ಲಿನ ಪ್ಲಾಸ್ಟಿಕ್ಕಿನದು, ತುದಿಗೆ ಒಂದು ಬಟ್ಟೆ ಕುಚ್ಚು. ಲೋಹದ್ದು ನಮ್ಮ ಬಿಸಿಲಲ್ಲಿ ಒಣಗಿಸಿದರೆ ಚುರುಕ್ ಅನ್ನುತ್ತದೆ. ವೆಲ್ಕ್ರೋ ನನಗೆ ಇಷ್ಟವಾಗಲಿಲ್ಲ: ಒಗೆದಷ್ಟೂ ನೂಲು ಕಚ್ಚಿಕೊಳ್ಳುತ್ತದೆ, ಚರ್ರ್ ಶಬ್ದಕ್ಕೆ ಒಬ್ಬ ಅಜ್ಜಿ ಬೆಚ್ಚಿದರು. ಟಿಚ್ ಬಟನ್ ಒತ್ತುವ ಶಕ್ತಿ ಹೆಚ್ಚಿನವರಿಗೆ ಇರುವುದಿಲ್ಲ.

ಈಗ ನಾನು ಹೊಲಿಯುವುದು ಕೌದಿಯನ್ನೇ, ಜೇಬು ಮಾತ್ರ ಜೀನ್ಸಿನದು. ಅಳತೆ ಸುಮಾರು 20 ಇಂಚು ಅಗಲ, 24 ಇಂಚು ಉದ್ದ. ಇದಕ್ಕಿಂತ ದೊಡ್ಡದಾದರೆ ಗಾಲಿಕುರ್ಚಿಯ ಚಕ್ರಕ್ಕೆ ಸಿಕ್ಕುತ್ತದೆ. ಲಾಡಿ ಗಿಡ್ಡ ಇರಲಿ, ಎರಡೂ ತುದಿ ಹೊಲಿದಿರಲಿ. ಒಬ್ಬರದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಸೋಂಕು ಹರಡಬಹುದು. ಅದಕ್ಕೇ ಹಿಂಬದಿಯಲ್ಲಿ ಕೆಂಪು ದಾರದಿಂದ ಅವರವರ ಹೆಸರು ಹೊಲಿದು ಕೊಡುತ್ತೇನೆ.